ಕುಡಿಯದವರ ಶಾಂಪೇನ್

೧

ಎಲ್ಲಿಂದ ಹಿಡಿಯಲಿ ಇದನ್ನು? ಬಾಟಲಿಯಾಗಿದ್ದರೆ ಕತ್ತು ಹಿಡಿದು ಎತ್ತಬಹುದಿತ್ತು. ಕಥೆಗೆ ಕತ್ತು ಯಾವುದು, ಬುಡ ಯಾವುದು ಎಂದು ಗೊತ್ತಾಗುವಷ್ಟರಲ್ಲಿ ಅರ್ಧ ಚೆಲ್ಲಿಹೋಗಿರುತ್ತದೆ.

ಮೊದಲನೆಯ ಕರಡು ಹೀಗೆ ಶುರುವಾಗಿತ್ತು: ‘ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ, ಬಳೆ ಅಂಗಡಿಗಳ ಹಿಂದೆ, ಒಂದು ಹಳೆಯ ಬ್ಯಾಂಕಿತ್ತು. ಅದರ ನೆಲಮಾಳಿಗೆಯಲ್ಲಿ ಎಂಬತ್ತು ವರ್ಷದಿಂದ ಫ್ರಾನ್ಸಿನ ಶಾಂಪೇನ್ ಮಲಗಿತ್ತು.’ ಬರೆದು, ಓದಿ, ನಾನೇ ನಕ್ಕೆ. ಗಿರ್ಮಿಟ್ಟು-ಮಿರ್ಚಿಯ ಬೀದಿಯಲ್ಲಿ ಶಾಂಪೇನ್! ಯಾವ ಓದುಗ ನಂಬಿಯಾನು? ಅಳಿಸಿದೆ.

ಎರಡನೆಯ ಕರಡಿನಲ್ಲಿ, ನಂಬಲಿ ಎಂದು, ಇಡೀ ಬ್ಯಾಂಕನ್ನು ಪಣಜಿಗೆ ಸಾಗಿಸಿದೆ. ಮನೆತನಕ್ಕೊಂದು ಪೋರ್ಚುಗೀಸ್ ಹೆಸರಿಟ್ಟೆ. ಕಥೆ ನಂಬುವಂತಾಯಿತು, ಅದೇ ಹೊತ್ತಿಗೆ ಸತ್ತೂ ಹೋಯಿತು. ಕುಡಿಯುವವರು ಶಾಂಪೇನ್ ಕಾಯ್ದಿಟ್ಟರೆ ಅದರಲ್ಲೇನು ಹೆಚ್ಚುಗಾರಿಕೆ?

ಎರಡೂ ಕರಡುಗಳನ್ನು ಚೀಲದಲ್ಲಿಟ್ಟುಕೊಂಡು ಧಾರವಾಡದಿಂದ ಬಸ್ಸು ಹತ್ತಿ ನಾಗರತ್ನಾ ಕಂಬಾಳಿಮಠರ ಮನೆಗೆ ಹೋದೆ. ಕಥೆ ಅವರದು. (ಮುಂದೆ ಕಥೆಯೊಳಗೆ ‘ಅವಳು’ ಎನ್ನುತ್ತೇನೆ. ಎದುರಿಗೆ ಹಾಗೆಂದರೆ ಚಹಾ ಸಿಗುವುದಿಲ್ಲ.) ಅವರು ಕನ್ನಡಕ ಏರಿಸಿ ಎರಡನ್ನೂ ಓದಿ, ಮಡಚಿ, ಕಪ್ಪಿನ ಕೆಳಗಿಟ್ಟರು.

“ಕಥಿಗಾರ್ರ, ಮಂದಿ ನಂಬ್ಲಿ ಅಂತ ಬರ್ಯಾಕತ್ತೀರೋ, ಆಗೇತಿ ಅಂತ ಬರ್ಯಾಕತ್ತೀರೋ?”

“ಆಗಿದ್ದನ್ನ ಬರದ್ರ ನಂಬೂದಿಲ್ಲಲ್ರೀ.”

“ನಂಬದಿದ್ರ ಬಿಡ್ಲಿ. ನಮ್ಮಜ್ಜನ್ನೂ ಯಾರೂ ನಂಬಿದ್ದಿಲ್ಲ. ಇದ್ದದ್ದು ಇದ್ದಾಂಗ ಬರೀರಿ.”

ಆದ್ದರಿಂದ ಇದು ಮೂರನೆಯ ಕರಡು. ಇದ್ದದ್ದು ಇದ್ದ ಹಾಗೆ. (ಎಲ್ಲ ಕಥೆಗಾರರೂ ಹೀಗೇ ಹೇಳುತ್ತಾರೆ ಎಂದು ನಿಮಗೂ ಗೊತ್ತು.)

೨

ಕಂಬಾಳಿಮಠದವರು ಜಂಗಮರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಸೋಮವಾರ ಉಳ್ಳಾಗಡ್ಡಿಯೂ ಇಲ್ಲ. ನಾಗರತ್ನಾಳ ಅಜ್ಜ ಮಹಾಂತಯ್ಯ ಕಟ್ಟಿದ ಬ್ಯಾಂಕು ದೊಡ್ಡದೇನಲ್ಲ. ಆದರೆ ಹತ್ತಿ ವ್ಯಾಪಾರಿಗಳಿಂದ ಹಿಡಿದು ಬಳೆಗಾರರವರೆಗೆ, ಮನೆಯಲ್ಲಿಡಲು ಹೆದರಿದ್ದನ್ನೆಲ್ಲ ಜನ ಅಲ್ಲಿಗೆ ತರುತ್ತಿದ್ದರು. ಅದಕ್ಕೆ ಇಡಗಂಟು ಎನ್ನುತ್ತಿದ್ದರು. ಬ್ಯಾಂಕನ್ನು ಕಟ್ಟಿದ್ದು ಒಂದು ಹಳೆಯ ಬಾವಿಯ ಮಗ್ಗುಲಿಗೆ. ನೆಲಮಾಳಿಗೆಯ ಒಂದು ಕಲ್ಲುಗೋಡೆಯ ಆಚೆ ಬಾವಿಯ ನೀರು. ಹೀಗಾಗಿ ಏಪ್ರಿಲ್ ತಿಂಗಳಲ್ಲಿ ಮೇಲೆ ಡಾಂಬರು ಕರಗುತ್ತಿದ್ದರೂ ಕೆಳಗೆ ಇಳಿದವರು ಹೊದಿಕೆ ಕೇಳುತ್ತಿದ್ದರು.

ದೊಡ್ಡ ಯುದ್ಧ ನಡೆದಿದ್ದ ಕಾಲ. ಒಂದು ಬೆಳಿಗ್ಗೆ ಬ್ಯಾಂಕಿನ ಮುಂದೆ ಟಾಂಗಾ ನಿಂತಿತು. ಅದರಿಂದ ಒಬ್ಬ ಬಿಳಿಯ ಹೆಂಗಸು ಇಳಿದಳು, ಬಗಲಲ್ಲಿ ಒಂದು ಕೂಸು. ಹಿಂದೆ ಒಂದು ಮರದ ಪೆಟ್ಟಿಗೆ. ರೈಲ್ವೆ ವರ್ಕ್‌ಶಾಪಿನ ಎಂಜಿನಿಯರ್ ಹಾರ್ಪರ್ ಸಾಹೇಬನ ಹೆಂಡತಿ, ಫ್ರಾನ್ಸಿನವಳು. ಊರು ಅವಳನ್ನು ಲೂಸಿಬಾಯಿ ಎನ್ನುತ್ತಿತ್ತು. ಗಂಡನನ್ನು ಬರ್ಮಾದ ರಣರಂಗಕ್ಕೆ ಕರೆಸಿಕೊಂಡಿದ್ದರು. ಪೆಟ್ಟಿಗೆಯಲ್ಲಿದ್ದುದು ಅವಳ ಮದುವೆಗೆ ತಂದೆ ಕೊಟ್ಟ ಶಾಂಪೇನ್, ಅವರದೇ ಊರಿನ ದ್ರಾಕ್ಷಿಯದು. ಸಾಹೇಬ ಮರಳಿ ಬಂದ ದಿನ ತೆರೆಯಬೇಕು. ಅಲ್ಲಿಯತನಕ ರೈಲ್ವೆ ಕ್ವಾರ್ಟರ್ಸಿನ ತಗಡಿನ ಕೆಳಗೆ ಅದು ಬದುಕುವುದಿಲ್ಲ.

ಒಡಕು ಹಿಂದೂಸ್ತಾನಿಯಲ್ಲಿ ಅವಳು ಹೇಳಿದ್ದನ್ನು ಗುಮಾಸ್ತ ತಗ್ಗಿದ ದನಿಯಲ್ಲಿ ದಾಟಿಸಿದ: “ಅಯ್ಯಾರ, ಒಳಗ ದಾರೂ ಐತಂತ್ರಿ.”

ಮಹಾಂತಯ್ಯ ಎದ್ದು ಬಂದು ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದ. ಇಡೀ ಕಚೇರಿ ಉಸಿರು ಹಿಡಿದು ನೋಡುತ್ತಿತ್ತು. ಕೊನೆಗೆ ಎಂದ: “ಒಳಗಿಂದು ಇಟ್ಟವರದು. ಕಾಯೂದಷ್ಟ ನಮ್ಮದು. ಹೆಂಗ ಕಾಯ್ಬೇಕು, ಕೇಳು.”

ಅಡ್ಡ ಮಲಗಿಸಬೇಕು. ಕತ್ತಲಲ್ಲಿಡಬೇಕು. ತಂಪಿರಬೇಕು. ಅಲುಗಾಡಿಸಬಾರದು. ಲೂಸಿಬಾಯಿ ಕೂಸನ್ನು ಮಲಗಿಸುವ ಹಾಗೆ ಕೈಮಾಡಿ ತೋರಿಸಿದಳು. ಮಹಾಂತಯ್ಯ ಯಾರ ಕೈಗೂ ಕೊಡದೆ ಪೆಟ್ಟಿಗೆಯನ್ನು ತಾನೇ ಹೊತ್ತು ಕೆಳಗಿಳಿದ. ಮೇಲೆ ಬಂದು ಇನ್ನೊಮ್ಮೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತ.

ಯುದ್ಧ ಮುಗಿಯಿತು. ಬಿಳಿಯರು ಹೋದರು. ಲೂಸಿಬಾಯಿ ಯಾವ ದಿನ ಹುಬ್ಬಳ್ಳಿ ಬಿಟ್ಟಳೋ ಯಾರಿಗೂ ತಿಳಿಯಲಿಲ್ಲ. ಪೆಟ್ಟಿಗೆ ಕೇಳಿಕೊಂಡು ಯಾರೂ ಬರಲಿಲ್ಲ.

೩

(ಇಲ್ಲಿ ನನಗೊಂದು ಆಸೆಯಿತ್ತು: ಮಹಾಂತಯ್ಯನಿಗೂ ಲೂಸಿಬಾಯಿಗೂ ಒಂದು ಮಾತಿಲ್ಲದ ಪ್ರೀತಿ. ಒಂದು ಪುಟ ಬರೆದೂ ಬಿಟ್ಟಿದ್ದೆ. ನಾಗರತ್ನಾ ಆ ಪುಟವನ್ನು ನನಗೇ ತಿರುಗಿಸಿ ಕೊಟ್ಟರು. “ನಮ್ಮಜ್ಜ ಅಕಿ ಮಾರಿನೂ ನೆಟ್ಟಗ ನೋಡಿದ್ದಿಲ್ರಿ. ನಂಬಿಗಿ ಅಂದ್ರ ನಿಮಗ ಸಾಕಾಗೂದಿಲ್ಲೇನು? ಪ್ರೀತಿನ ಬೇಕ?” ಎಂದರು. ಆ ಪುಟ ಈಗ ಇಲ್ಲ.)

ಆಗ ಹುಬ್ಬಳ್ಳಿ ಮುಂಬಯಿ ಪ್ರಾಂತ್ಯದಲ್ಲಿತ್ತು. ಸ್ವಾತಂತ್ರ್ಯ ಬಂದ ಸ್ವಲ್ಪ ದಿನಕ್ಕೆ ಪಾನನಿಷೇಧವೂ ಬಂತು. ಯಾರೋ ಚಾಡಿ ಹೇಳಿದರು. ಅಬಕಾರಿ ಇನ್‌ಸ್ಪೆಕ್ಟರ್ ಇಬ್ಬರು ಪೊಲೀಸರೊಂದಿಗೆ ಬ್ಯಾಂಕಿಗೆ ಬಂದ. ಮಹಾಂತಯ್ಯ ಸುಳ್ಳು ಹೇಳಲಿಲ್ಲ. ಕಂದೀಲು ಹಿಡಿದು ತಾನೇ ಕೆಳಗೆ ಕರೆದೊಯ್ದು ತೋರಿಸಿದ.

“ಅಯ್ಯಾರ, ನೀವು ಇಂಥಾದ್ದು ಇಟ್ಕೊಂಡ್ರ ಹೆಂಗ್ರಿ?”

“ನಂದಲ್ರಿ ಸಾಹೇಬ್ರ, ಇಟ್ಟವ್ರದು. ಒಯ್ಯೂದಿದ್ರ ಒಯ್ರಿ. ಆದ್ರ ಹೋಗೂ ಮುಂದ ಬಾಗಲಕ್ಕ ಒಂದು ಬೋರ್ಡ್ ಹಚ್ಚಿ ಹೋಗ್ರಿ, ಈ ಬ್ಯಾಂಕಿನ್ಯಾಗ ಇಟ್ಟದ್ದು ತಿರಗಿ ಸಿಗೂದಿಲ್ಲ ಅಂತ. ನಾಳಿಂದ ನಾ ಕದಾ ಹಾಕ್ತೇನಿ.”

ಇನ್‌ಸ್ಪೆಕ್ಟರ್ ಕಂದೀಲಿನ ಬೆಳಕಿನಲ್ಲಿ ಆ ಸುಕ್ಕುಗಟ್ಟಿದ ಹಣೆಯನ್ನೂ ವಿಭೂತಿಯನ್ನೂ ನೋಡಿದ. ಅವನ ತಾಯಿಯ ಬಂಗಾರವೂ ಅದೇ ಮಾಳಿಗೆಯಲ್ಲಿತ್ತು. ಅವನು ಶಾಂಪೇನ್ ಇದ್ದ ಗೂಡಿಗೆ ಕಬ್ಬಿಣದ ಜಾಲರಿ ಹಾಕಿಸಿ, ಬೀಗ ಜಡಿಸಿ, ಅದರ ಮೇಲೆ ಸರಕಾರದ ಅರಗಿನ ಮುದ್ರೆ ಒತ್ತಿದ. “ಯಾರೂ ಮುಟ್ಟಬಾರ್ದು” ಎಂದ.

“ಮುಟ್ಟೂ ರೂಢಿ ನಮಗಿಲ್ರಿ,” ಎಂದ ಮಹಾಂತಯ್ಯ.

ನಿಷೇಧ ತೆರವಾಗುವತನಕ, ಯಾವ ಕಾನೂನು ಆ ಶಾಂಪೇನನ್ನು ಗಟಾರಕ್ಕೆ ಚೆಲ್ಲಬೇಕಿತ್ತೋ ಅದೇ ಕಾನೂನಿನ ಮುದ್ರೆ ಅದನ್ನು ಕಾಯಿತು. ಬೇಸಿಗೆ ಬಂತೆಂದರೆ ಮಹಾಂತಯ್ಯ ಜಾಲರಿಯ ಹೊರಗೆ ಲಾವಂಚದ ಚಾಪೆ ಇಳಿಬಿಟ್ಟು ಬಾವಿಯ ನೀರು ಚಿಮುಕಿಸುತ್ತಿದ್ದ.

ಇದನ್ನು ಬರೆಯುವಾಗ ನನ್ನ ಕೈ ತುಸು ನಿಂತಿತು. ನಾನು ಎಷ್ಟು ಕಥೆ ಕಟ್ಟಿದ್ದೇನೆ. ಒಂದರಲ್ಲೂ ಇಂಥ ಮನುಷ್ಯನನ್ನು ಹುಟ್ಟಿಸಲು ನನಗೆ ಧೈರ್ಯ ಬಂದಿರಲಿಲ್ಲ.

೪

ನಿಷೇಧ ಹೋಗಿ ಮುದ್ರೆ ಒಡೆದ ಮೇಲೆ ಮಹಾಂತಯ್ಯನಿಗೆ ಬೇರೆಯೇ ಚಿಂತೆ ಹತ್ತಿತು. ಕಾಯ್ದದ್ದೇನೋ ಹೌದು, ಆದರೆ ಒಳಗಿನ ವಸ್ತು ಜೀವಂತ ಇದೆಯೋ ಇಲ್ಲವೋ? ಬಿರಡೆ ತೆಗೆಯುವಂತಿಲ್ಲ, ಅದು ತನ್ನದಲ್ಲ. ಹಾಗಾದರೆ ಗೊತ್ತಾಗುವುದು ಹೇಗೆ?

ಅವನು ಕಂಡುಕೊಂಡ ಉಪಾಯ ಇದು. ಗೋವಾದಿಂದ ರೈಲಿನಲ್ಲಿ ಬೇರೆ ವೈನು, ಬೇರೆ ಶಾಂಪೇನು ತರಿಸಿ ಲೂಸಿಬಾಯಿಯ ಪೆಟ್ಟಿಗೆಯ ಪಕ್ಕದಲ್ಲಿ ಮಲಗಿಸಿದ. ಆಗೊಮ್ಮೆ ಈಗೊಮ್ಮೆ ಅದರಲ್ಲೊಂದನ್ನು ಮೇಲೆ ತಂದು, ರೈಲ್ವೆ ಆಸ್ಪತ್ರೆಯ ನಿವೃತ್ತ ಡಾಕ್ಟರ್ ಮೆನೇಜಸ್‌ಗೆ ಕುಡಿಯಲು ಕೊಡುತ್ತಿದ್ದ. ಅದು ಚೆನ್ನಾಗಿದ್ದರೆ ಮಾಳಿಗೆ ಚೆನ್ನಾಗಿದೆ; ಮಾಳಿಗೆ ಚೆನ್ನಾಗಿದ್ದರೆ ಲೂಸಿಬಾಯಿಯದೂ ಚೆನ್ನಾಗಿರಬೇಕು.

ಆದರೆ ಮೆನೇಜಸ್ ಸಂಭಾವಿತ. ಎಲ್ಲವನ್ನೂ ‘ಫಸ್ಟ್ ಕ್ಲಾಸ್’ ಎನ್ನುತ್ತಿದ್ದ. ಆದ್ದರಿಂದ ಮಹಾಂತಯ್ಯ ಅವನ ಮಾತು ಕೇಳುವುದನ್ನು ಬಿಟ್ಟು ಮುಖ ನೋಡಲು ಕಲಿತ. ಮೊದಲ ಗುಟುಕಿಗೆ ಹುಬ್ಬು ಏನು ಮಾಡಿತು, ನುಂಗಿದ ಮೇಲೆ ಕಣ್ಣು ಎಲ್ಲಿ ಹೋಯಿತು, ಎರಡನೆಯ ಗುಟುಕಿಗೆ ಕೈ ಅವಸರ ಮಾಡಿತೋ ತಡೆಯಿತೋ. ಪುಟ್ಟ ನಾಗರತ್ನಾ ಅಜ್ಜನ ಮಗ್ಗುಲಲ್ಲಿ ಕೂತು ಅದನ್ನೇ ನೋಡುತ್ತ ಬೆಳೆದಳು.

“ಏನ್ ಕಂಡೀ?” ಎಂದು ಅಜ್ಜ ಆಮೇಲೆ ಕೇಳುತ್ತಿದ್ದ.

“ಡಾಕ್ಟರ್ ಅಜ್ಜ ತಮ್ಮ ಊರಿಗೆ ಹೋಗಿ ಬಂದಾಂಗಾತು,” ಎಂದಿದ್ದಳಂತೆ ಒಮ್ಮೆ. ಅಜ್ಜನಿಗೆ ಅಷ್ಟು ಖುಷಿಯಾಗಿದ್ದನ್ನು ಅವಳು ಬೇರೆ ಯಾವತ್ತೂ ಕಾಣಲಿಲ್ಲ.

ಓದಿಕೊಂಡು ಅವಳು ಬ್ಯಾಂಕು ಸೇರಿದಳು. ಅಜ್ಜ ಹೋದ ಮೇಲೆ ಮಾಳಿಗೆಯ ಕೀಲಿ ಅವಳ ಸೊಂಟಕ್ಕೆ ಬಂತು. ಅವಳು ಫ್ರಾನ್ಸಿನ ಮಳೆ-ಬಿಸಿಲಿನ ಬಗ್ಗೆ ಓದಿದಳು, ಯಾವ ವರ್ಷದ ದ್ರಾಕ್ಷಿ ಎಂಥದ್ದೆಂದು ತಿಳಿದುಕೊಂಡಳು. ಮುಂಬಯಿಯ ಹೋಟೆಲಿನವರು ಅವಳಿಗೆ ಫೋನು ಮಾಡಿ ಸಲಹೆ ಕೇಳುತ್ತಿದ್ದರು. ನಾಲಿಗೆಯ ಮೇಲೆ ಒಂದು ಹನಿ ಇಟ್ಟವಳಲ್ಲ.

ಅಂಥವಳ ಜೊತೆಗೆ ಕೂಡಿದ್ದು ಶಾಯಿಸ್ತಾ. ಹುಬ್ಬಳ್ಳಿಯ ಗಡಿಯಾರದ ಅಂಗಡಿಯವರ ಮಗಳು, ಧಾರವಾಡದಲ್ಲಿ ಸೂಕ್ಷ್ಮಜೀವಿಗಳ ವಿಷಯ ಪಾಠ ಹೇಳುವವಳು. ಮಾಳಿಗೆಯ ಗೋಡೆಯ ಬೂಷ್ಟನ್ನು ಪರೀಕ್ಷಿಸಲು ಬಂದವಳು ನೆಂಟಳಂತೆ ಉಳಿದುಬಿಟ್ಟಳು. ಈ ಅವಳಿ ನಗರದಲ್ಲಿ ಶಾಂಪೇನ್ ಬಗ್ಗೆ ಇಷ್ಟು ತಿಳಿದವರು ಇವರಿಬ್ಬರೇ. ಇಬ್ಬರಿಗೂ ಅದರ ರುಚಿ ಗೊತ್ತಿಲ್ಲ.

(ಇದನ್ನು ನಾನು ತಮಾಷೆಯಾಗಿ ಬರೆಯಲು ಹೊರಟಿದ್ದೆ. ಆಗಲಿಲ್ಲ.)

೫

ಈಗ ಕಥೆಗೆ ಗಂಡಾಂತರ ಬೇಕು. ನಾನು ತರಬೇಕಾಗಲಿಲ್ಲ, ತಾನೇ ಬಂತು.

ಸಣ್ಣ ಬ್ಯಾಂಕನ್ನು ದೊಡ್ಡ ಬ್ಯಾಂಕೊಂದು ನುಂಗಿತು. ದುರ್ಗದಬೈಲಿನ ಕಟ್ಟಡ ಕೆಡವಿ ಹೊಸದು ಕಟ್ಟುವುದೆಂದಾಯಿತು. ಎಲ್ಲ ಲಾಕರಿನವರಿಗೂ ಅವರವರ ವಸ್ತು ಮರಳಿಸಿದ್ದಾಯಿತು. ಉಳಿದದ್ದು ಜಾಲರಿಯ ಹಿಂದಿನ ಗೂಡು. ಬಾವಿಯನ್ನೂ ಮುಚ್ಚುತ್ತಾರೆ ಎಂದು ಕೇಳಿದ ದಿನ ನಾಗರತ್ನಾಳಿಗೆ ಊಟ ಸೇರಲಿಲ್ಲ.

ತಮ್ಮ ರಾಜಶೇಖರ ಮನೆಗೆ ಬಂದ. ಅವನು ಈಗ ಮಠದ ಶಾಲೆಗಳ ಟ್ರಸ್ಟಿಗೆ ಅಧ್ಯಕ್ಷ. ಬಿಳಿ ಅಂಗಿ, ಮೆಲುಮಾತು.

“ಅಕ್ಕಾ, ಎಲ್ಲಾರೂ ನೋಡಾಕತ್ತಾರ. ಕಟ್ಟಡ ಒಡೆಯೂ ಮುಂದ ಪೇಪರಿನವರು ಬರ್ತಾರ. ಕಂಬಾಳಿಮಠದ ಐನಾರ ಮನ್ಯಾಗ ದಾರೂ ಅಂತ ಬರೀತಾರ. ಸುಮ್ನ ಬಾವ್ಯಾಗ ಸುರುವಿ ಬಿಡೋಣು.”

“ಅಜ್ಜ ಅಬಕಾರಿಯವರಿಗೆ ಅಂಜಲಿಲ್ಲ. ನೀ ಪೇಪರಿಗೆ ಅಂಜ್ತೀಯೇನು?”

“ಅಜ್ಜಂದ ಬ್ಯಾರೆ. ಅವಾ ಯಾರರ ಬರ್ತಾರ ಅಂತ ಕಾಯ್ದ. ಯಾರು ಬಂದ್ರು? ಯಾರೂ ಬರೂದಿಲ್ಲ ಅಕ್ಕಾ. ಖರೇ ಹೇಳು, ನಿನಗೂ ಗೊತ್ತೈತಿ.”

ಅವನು ಹೇಳಿದ್ದು ನಿಜವಾಗಿತ್ತು. ಅವನು ಹೋದ ಮೇಲೆ ಅವಳು ಶಾಯಿಸ್ತಾಳಿಗೆ ಫೋನು ಮಾಡಿದಳು. “ಶಾಯಿಸ್ತಾ, ಲೂಸಿಬಾಯಿ ಬಗಲಾಗ ಒಂದು ಕೂಸಿತ್ತಂತಲ್ಲ. ಹುಡಕಾಕ ಆಗ್ತದೇನು ನೋಡವಾ.”

ಹಳೆಯ ರೈಲ್ವೆ ಕುಟುಂಬಗಳವರು ನೆನಪು ಹಂಚಿಕೊಳ್ಳುವ ಗುಂಪುಗಳು ಇಂಟರ್‌ನೆಟ್ಟಿನಲ್ಲಿವೆ. ಶಾಯಿಸ್ತಾ ಅಲ್ಲೆಲ್ಲ ಕೇಳಿದಳು. ಕೆಲವರು ಬೈದರು, ಕೆಲವರು ಶಾಂಪೇನ್ ತಮ್ಮದೇ ಎಂದರು. ಕೊನೆಗೆ ಪುದುಚೇರಿಯಿಂದ ಒಂದು ನಡುಗುವ ದನಿ ಫೋನಿನಲ್ಲಿ ಬಂತು. ಹೆಸರು ಸಿಮೋನ್. ಸುದ್ದಿ ಕೇಳಿದವಳೇ ಆಕೆ, ಲೂಸಿಬಾಯಿ ತನ್ನ ತಾಯಿ ಎಂದಳು. ಆಮೇಲೆ ಇಂಗ್ಲಿಷಿನಲ್ಲಿ ಒಂದೇ ಮಾತು ಕೇಳಿದಳು: “ಹಾಗಾದರೆ ಅದು ನಿಜವೇ?”

೬

ಸಿಮೋನ್ ಚಾಲುಕ್ಯ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದಳು. ಎಂಬತ್ತು ದಾಟಿದ ಜೀವ, ಕೈಯಲ್ಲಿ ಊರುಗೋಲು, ತಲೆಗೆ ಹುಲ್ಲಿನ ಟೊಪ್ಪಿಗೆ. ನಾಗರತ್ನಾ ಪ್ಲಾಟ್‌ಫಾರ್ಮಿನಲ್ಲಿ ಕೈ ಮುಗಿದು ನಿಂತಿದ್ದಳು. ಇಂಗ್ಲಿಷಿನಲ್ಲಿ ಏನೋ ಸ್ವಾಗತದ ಮಾತು ತಯಾರಿಸಿಕೊಂಡಿದ್ದಳು. ಅದನ್ನು ಆಡುವ ಮೊದಲೇ ಮುದುಕಿ ಅವಳ ಗಲ್ಲ ಮುಟ್ಟಿ, ಅಪ್ಪಟ ಹುಬ್ಬಳ್ಳಿಯ ಕನ್ನಡದಲ್ಲಿ ಅಂದಳು:

“ಹಸದೀಯೇನು? ಬಾ, ರೊಟ್ಟಿ ತಿನ್ನ ಬಾ.”

ಸಿಮೋನ್‌ಗೆ ಬರುತ್ತಿದ್ದ ಕನ್ನಡ ಅಷ್ಟೇ. ಎಳೆಯದರಲ್ಲಿ ಅವಳನ್ನು ಸಾಕಿದ ಆಯಾ ಮಾಬೂಬಿ ಎನ್ನುವವಳು ದಿನವೂ ಆಡುತ್ತಿದ್ದ ಮಾತು. ಅರ್ಥ ಮರೆತಿತ್ತು, ದನಿ ಉಳಿದಿತ್ತು.

(ನಾನು ಕಟ್ಟಿದ್ದಲ್ಲ ಇದು. ಕಟ್ಟುವುದಾದರೆ ಇಷ್ಟು ಸಲೀಸಾಗಿ ಕಟ್ಟುತ್ತಿರಲಿಲ್ಲ, ವಿಮರ್ಶಕರಿಗೆ ಹೆದರಿ.)

ಮನೆಯಲ್ಲಿ ನಿಜವಾಗಿಯೂ ರೊಟ್ಟಿ ತಿಂದಾದ ಮೇಲೆ ಮಾತು ಶುರುವಾಯಿತು. ರಾಜಶೇಖರನೂ ಬಂದು ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಸಿಮೋನ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಎಲ್ಲರಿಗೂ ತಿಳಿಯುತ್ತಿತ್ತು; ಇವರ ಕನ್ನಡವನ್ನು ಶಾಯಿಸ್ತಾ ಅವಳಿಗೆ ದಾಟಿಸುತ್ತಿದ್ದಳು.

“ನಿಮ್ಮ ತಂದೆಯವರು ಯುದ್ಧದಲ್ಲಿ ತೀರಿಕೊಂಡ್ರೇನು?” ನಾಗರತ್ನಾ ಕೇಳಿದಳು. ಮೂರು ತಲೆಮಾರು ಆ ಮನೆ ನಂಬಿದ್ದು ಅದನ್ನೇ. ಅದಕ್ಕೇ ಪೆಟ್ಟಿಗೆ ಹಾಗೇ ಉಳಿಯಿತು ಎಂದು.

ಸಿಮೋನ್ ತಲೆಯಾಡಿಸಿದಳು. “ಇಲ್ಲ. ಅಪ್ಪ ಮರಳಿ ಬಂದ. ಒಂದು ಗಾಯವೂ ಇಲ್ಲದೆ ಬಂದ. ಆದರೆ ನಮ್ಮ ಬಳಿಗೆ ಬರಲಿಲ್ಲ. ಕಲ್ಕತ್ತಾದಲ್ಲಿ ಬೇರೆ ಮನೆ ಮಾಡಿಕೊಂಡಿದ್ದ. ಅಮ್ಮ ನನ್ನನ್ನು ಕರೆದುಕೊಂಡು ಪುದುಚೇರಿಗೆ ಹೋದಳು. ಹೋಗುವಾಗ ಬ್ಯಾಂಕಿನ ಮುಂದೆಯೇ ಹಾದುಹೋದೆವು. ಟಾಂಗಾ ನಿಲ್ಲಿಸಲಿಲ್ಲ.”

ನಾಗರತ್ನಾ ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡಳು. ಅಜ್ಜ ಚಿಮುಕಿಸಿದ ನೀರು, ಮುದ್ರೆ, ಮೆನೇಜಸ್‌ನ ಮುಖ, ತಾನು ಕೆಳಗಿಳಿದು ಕಳೆದ ಬೇಸಿಗೆಗಳು. ಎಲ್ಲವೂ, ಒಡತಿಯೇ ಬೇಡವೆಂದು ಬಿಟ್ಟುಹೋದ ಒಂದು ಪೆಟ್ಟಿಗೆಗಾಗಿ?

“ಬ್ಯಾಡಾಗಿತ್ತೇನು ಅವರಿಗೆ?” ಎಂದಳು ಅವಳು. “ಬ್ಯಾಡಾಗಿದ್ರ ಒಂದು ಮಾತು ಹೇಳಬೇಕಿತ್ತಲ್ಲ. ನಮ್ಮಜ್ಜ ಕಾಯ್ತಿದ್ದ.”

ಶಾಯಿಸ್ತಾ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಸಿಮೋನ್ ಊರುಗೋಲು ಕೆಳಗಿಟ್ಟು ನಾಗರತ್ನಾಳ ಕೈ ಹಿಡಿದುಕೊಂಡಳು.

“ನಾವು ಅಲ್ಲಿ ಬಹಳ ಕಷ್ಟಪಟ್ಟೆವು. ಅಮ್ಮ ಮಂದಿಯ ಬಟ್ಟೆ ಹೊಲಿದಳು. ಒಮ್ಮೆ ಬಿರುಗಾಳಿಗೆ ಮನೆಯ ಮಾಡು ಹಾರಿಹೋಯಿತು. ಒಮ್ಮೆ ಮನೆಯ ಮಾಲೀಕ ನಮ್ಮ ಸಾಮಾನು ಬೀದಿಗಿಟ್ಟ. ಪ್ರತಿ ಸಲ ಅಮ್ಮ ಕೂದಲು ಬಾಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು ಹೇಳುತ್ತಿದ್ದಳು: ‘ಸಿಮೋನ್, ಅಳಬೇಡ. ನಾವು ಬಡವರಲ್ಲ. ಹುಬ್ಬಳ್ಳಿಯ ಬ್ಯಾಂಕಿನಲ್ಲಿ ನಮ್ಮ ಶಾಂಪೇನ್ ಇದೆ.’ ತರಿಸಿಕೊಳ್ಳಮ್ಮಾ ಎಂದು ನಾನು ಎಷ್ಟೋ ಸಲ ಅಂದೆ. ‘ತರಿಸಿದರೆ ಮುಗಿದುಹೋಗುತ್ತದೆ ಮಗಳೇ’ ಎನ್ನುತ್ತಿದ್ದಳು. ನನ್ನನ್ನು ಸಮಾಧಾನ ಮಾಡಲು ಕಟ್ಟಿದ ಕಥೆ ಅಂದುಕೊಂಡಿದ್ದೆ. ಅವಳು ತೀರಿಕೊಂಡ ಬೆಳಿಗ್ಗೆಯೂ ಅದನ್ನೇ ಹೇಳಿದಳು. ನಾನು ನಂಬಿರಲಿಲ್ಲ.”

ಇಲ್ಲಿ ಒಬ್ಬ, ಅವಳು ಬರುತ್ತಾಳೆಂದು ಕಾಯ್ದ. ಅಲ್ಲಿ ಒಬ್ಬಳು, ಇವನು ಕಾಯುತ್ತಾನೆಂದು ಬದುಕಿದಳು. ಇಬ್ಬರೂ ಮತ್ತೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮೂಲೆಯ ಕುರ್ಚಿಯಲ್ಲಿದ್ದ ರಾಜಶೇಖರ ಎದ್ದು ಹಿತ್ತಲಿಗೆ ಹೋದ. ಬಹಳ ಹೊತ್ತು ನಲ್ಲಿಯ ಸದ್ದು ಕೇಳುತ್ತಿತ್ತು.

೭

ಮರುದಿನ ಬೆಳಿಗ್ಗೆ ಎಲ್ಲರೂ ಮಾಳಿಗೆಗಿಳಿದರು.

ಆ ಮಾಳಿಗೆಯನ್ನು ನಿಮಗೆ ಹೇಗೆ ತೋರಿಸಲಿ? ‘ಗರ್ಭಗುಡಿಯಂತೆ’ ಎಂದು ಬರೆದೆ, ಹೊಡೆದುಹಾಕಿದೆ. ‘ಮುಚ್ಚಿದ ಕಣ್ಣಿನಂತೆ’ ಎಂದು ಬರೆದೆ, ಅದನ್ನೂ ಹೊಡೆದುಹಾಕಿದೆ. ಅದು ಕಲ್ಲಿನ ತಂಪು ಕೋಣೆ, ಅಷ್ಟೇ. ಗೋಡೆಯ ಆಚೆಯ ನೀರು ಎಲ್ಲೋ ತೊಟ್ಟಿಕ್ಕುವ ಸದ್ದು. ಟಾರ್ಚಿನ ಬೆಳಕು ಬಿದ್ದಲ್ಲೆಲ್ಲ ಬೂಷ್ಟು ಅಂಟಿದ ಬಾಟಲಿಗಳ ಬೆನ್ನು. ಸಿಮೋನ್ ಮೆಟ್ಟಿಲಿನ ಕೊನೆಯಲ್ಲಿ ನಿಂತು ಟೊಪ್ಪಿಗೆ ತೆಗೆದಳು. ನಾಗರತ್ನಾ ಎಂದಿನಂತೆ ಚಪ್ಪಲಿ ಮೇಲೇ ಬಿಟ್ಟಿದ್ದಳು.

ಶಾಯಿಸ್ತಾ ಲೂಸಿಬಾಯಿಯ ಪೆಟ್ಟಿಗೆಯಿಂದ ಮೊದಲ ಬಾಟಲಿಯನ್ನು ಮೆಲ್ಲಗೆ ಎತ್ತಿದಳು. ಬಿರಡೆಗೆ ಬಿಗಿದ ತಂತಿ ತುಕ್ಕು ಹಿಡಿದು ಬೆರಳು ತಾಗಿದರೆ ಉದುರುತ್ತಿತ್ತು. ಬಿರಡೆ ಸದ್ದಿಲ್ಲದೆ ಈಚೆ ಬಂತು. ಒಳಗಿನದನ್ನು ಅವಳು ತನ್ನ ಲ್ಯಾಬಿನಿಂದ ತಂದಿದ್ದ ಗಾಜಿನ ಬೀಕರಿಗೆ ಬಗ್ಗಿಸಿದಳು. ಹುಣಸೆಹಣ್ಣು ಕಿವುಚಿದ ನೀರಿನ ಬಣ್ಣ. ಹುಳಿ ವಾಸನೆ ಮೂಗಿಗೆ ಹೊಡೆಯಿತು.

“ಇದು ಸತ್ತೈತ್ರಿ ಅಕ್ಕಾರ,” ಎಂದಳು.

ರಾಜಶೇಖರ ‘ನಾ ಹೇಳಿರಲಿಲ್ಲೇನು’ ಎನ್ನುತ್ತಾನೆಂದು ನಾಗರತ್ನಾ ಕಾದಳು. ಅವನು ಅನ್ನಲಿಲ್ಲ. ಗೋಡೆಗೆ ಕೈಕೊಟ್ಟು ನಿಂತು, “ಇನ್ನೊಂದು ನೋಡ್ರಿ,” ಎಂದ.

ಎರಡನೆಯದರ ಬಿರಡೆ ಅರ್ಧ ಸರಿದಾಗ ಒಂದು ಉಸಿರು ಕೇಳಿತು. ಸಿನಿಮಾದಲ್ಲಿ ಬರುವ ‘ಢಂ’ ಅಲ್ಲ. ನಿದ್ದೆಯಲ್ಲಿ ಮಗ್ಗುಲಾದ ಕೂಸಿನ ಉಸಿರು. ಎಲ್ಲರೂ ನಿಂತಲ್ಲೇ ನಿಂತರು.

ಬೀಕರಿಗೆ ಬಿದ್ದದ್ದು ಮಾಸಿದ ಬಂಗಾರದ ಬಣ್ಣ. ಕೋಣೆಯ ತುಂಬ ಪರಿಮಳ ಹಬ್ಬಿತು. ಯಾವುದರದು ಅದು? ಶಾಯಿಸ್ತಾ ಪುಸ್ತಕದ ಶಬ್ದಗಳನ್ನು ಹುಡುಕುತ್ತಿದ್ದಳು. ರಾಜಶೇಖರ ತನಗರಿವಿಲ್ಲದೆ ಎರಡು ಹೆಜ್ಜೆ ಮುಂದೆ ಬಂದಿದ್ದ.

“ಅಕ್ಕಾ,” ಎಂದ ಪಿಸುದನಿಯಲ್ಲಿ. “ಮಾದ್ಲಿ ವಾಸ್ನಿ. ಅವ್ವ ಗೋದಿ ಹುರದು, ಬೆಲ್ಲ ಕೂಡಸಿ, ಬಿಸಿಬಿಸಿ ಮಾದ್ಲಿ ಮಾಡತಿದ್ಲಲ್ಲ, ಅದ.”

ಶಾಯಿಸ್ತಾ ಬೀಕರಿನ ಹಿಂದೆ ಟಾರ್ಚು ಹಿಡಿದಳು. ತಳದ ಒಂದು ಬಿಂದುವಿನಿಂದ ಗುಳ್ಳೆಗಳ ಒಂದೇ ಒಂದು ಎಳೆ ಮೇಲೇಳುತ್ತಿತ್ತು. ಕೂದಲಿಗಿಂತ ತೆಳ್ಳಗೆ, ಅವಸರವಿಲ್ಲದೆ, ಒಂದರ ಹಿಂದೆ ಒಂದು. ಯಾವುದೋ ದೇಶದ ಯಾವುದೋ ಬೆಟ್ಟದ ಬಿಸಿಲು, ಯುದ್ಧಕ್ಕೂ ಮೊದಲಿನದು, ಹುಬ್ಬಳ್ಳಿಯ ಬಾವಿಯ ಮಗ್ಗುಲಲ್ಲಿ ಇನ್ನೂ ಉಸಿರಾಡುತ್ತಿತ್ತು. ನಾಗರತ್ನಾಳ ಕೈ ತಾನಾಗಿಯೇ ಕೊರಳಿನ ಲಿಂಗದ ಮೇಲೆ ಹೋಯಿತು.

ಸಿಮೋನ್ ಒಂದು ಗುಟುಕು ಕುಡಿದಳು.

ನಾಗರತ್ನಾ ಅವಳ ಮುಖ ನೋಡಿದಳು. ಇಷ್ಟು ವರ್ಷ ಎಷ್ಟೋ ಮುಖ ಓದಿದ್ದಳು, ಇಂಥದ್ದನ್ನು ಓದಿರಲಿಲ್ಲ. ಮುದುಕಿಯ ಹುಬ್ಬು ಏರಲಿಲ್ಲ, ಕಣ್ಣು ಎಲ್ಲಿಯೂ ಹೋಗಲಿಲ್ಲ. ಅವಳು ಮೆಲ್ಲಗೆ ಪೆಟ್ಟಿಗೆಯ ಅಂಚಿಗೆ ಕೂತು, ಕೆದರಿದ್ದ ಬಿಳಿ ಕೂದಲನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಮಾಡಿ, ಬೆನ್ನು ನೆಟ್ಟಗೆ ಮಾಡಿಕೊಂಡಳು.

ಆಮೇಲೆ ಬೀಕರನ್ನು ನಾಗರತ್ನಾಳತ್ತ ಚಾಚಿದಳು.

೮

ಇಲ್ಲಿಗೆ ನಾನು ಮೂರು ಮುಕ್ತಾಯ ಬರೆದಿದ್ದೇನೆ.

ಅ) ನಾಗರತ್ನಾ ಕುಡಿಯುತ್ತಾಳೆ. ಅರವತ್ತು ದಾಟಿದ ಜಂಗಮರ ಹೆಣ್ಣುಮಗಳು, ಮೊದಲ ಗುಟುಕು, ಕಣ್ಣಲ್ಲಿ ನೀರು. (ಪತ್ರಿಕೆಯವರಿಗೆ ಇದು ಬಹಳ ಹಿಡಿಸಿತು.)

ಆ) ನಾಗರತ್ನಾ ಕುಡಿಯುವುದಿಲ್ಲ. ಬೀಕರನ್ನು ಹಣೆಗೊತ್ತಿಕೊಂಡು ಮರಳಿ ಕೊಡುತ್ತಾಳೆ. (ನನ್ನ ತಾಯಿಗೆ ಇದು ಹಿಡಿಸಿತು.)

ಇ) ಅದೇ ಗಳಿಗೆಗೆ ಕರೆಂಟು ಹೋಗುತ್ತದೆ. (ಯಾರಿಗೂ ಹಿಡಿಸಲಿಲ್ಲ. ಟಾರ್ಚಿತ್ತಲ್ಲ ಎಂದು ಶಾಯಿಸ್ತಾ ನೆನಪಿಸಿದಳು.)

ಮೂರನ್ನೂ ನಾಗರತ್ನಾ ಅವರ ಮುಂದಿಟ್ಟೆ.

“ಇವುಗಳಾಗ ಯಾವುದು ಖರೇರೀ ಅಕ್ಕಾರ?”

“ನಾ ಕುಡದ್ನೋ ಬಿಟ್ನೋ, ಅದನ್ನ ತಗೊಂಡು ನೀವೇನ್ ಮಾಡ್ತೀರಿ?”

“ಓದೂ ಮಂದಿ ಕೇಳ್ತಾರ್ರೀ.”

“ಕೇಳ್ಲಿ. ನಾ ಬ್ಯಾಂಕಿನಾಕಿ. ಒಬ್ಬರು ನನ್ನ ಕೈಯಾಗ ಕೊಟ್ಟದ್ದನ್ನ ಇನ್ನೊಬ್ಬರ ಮುಂದ ಬಿಚ್ಚೂದಿಲ್ಲ.”

ಚಹಾ ಕುಡಿದು ಸುಮ್ಮನಾದೆ. ಮುಂದೆ ನಡೆದದ್ದನ್ನು ಮಾತ್ರ ಅವರು ಹೇಳಿದರು.

ಅರ್ಧ ಉಳಿದ ಆ ಬಾಟಲಿಯನ್ನು ಬಿಟ್ಟು, ತೆರೆಯದ ಬಾಟಲಿಗಳನ್ನು ತೋರಿಸಿ, ಸಿಮೋನ್, “ಇವು ಇಲ್ಲೇ ಇರಲಿ,” ಎಂದಳು. “ನನಗೂ ವಯಸ್ಸಾಯಿತು. ಪುದುಚೇರಿಯಲ್ಲಿ ಕೂತು ನಾನೂ ನಾಲ್ಕು ದಿನ ಹೇಳಿಕೊಳ್ಳಬೇಕು, ಹುಬ್ಬಳ್ಳಿಯಲ್ಲಿ ನನ್ನದೊಂದು ಇದೆ ಎಂದು.”

“ಬ್ಯಾಂಕ ಇಲ್ಲಲ್ಲವಾ ಈಗ,” ಎಂದಳು ನಾಗರತ್ನಾ.

“ಅಮ್ಮ ಬ್ಯಾಂಕಿಗೆ ಕೊಟ್ಟಿರಲಿಲ್ಲ. ಒಬ್ಬ ಮನುಷ್ಯನ ಕೈಗೆ ಕೊಟ್ಟಿದ್ದಳು.”

ನಾಗರತ್ನಾ ಸುಮ್ಮನೆ ಎರಡೂ ಕೈ ಮುಂದೆ ಚಾಚಿದಳು. ಸಿಮೋನ್ ಒಂದು ಬಾಟಲಿಯನ್ನೆತ್ತಿ ಆ ಕೈಗಳಲ್ಲಿ ಮಲಗಿಸಿದಳು.

ಸಿಮೋನ್‌ಳನ್ನು ರೈಲು ಹತ್ತಿಸಿ ಬಂದ ಮರುದಿನ, ಹಾಡಹಗಲೇ, ಸಂತೆಯ ಹೊತ್ತಿನಲ್ಲೇ, ರಾಜಶೇಖರ ಒಂದು ಟೆಂಪೋ ತಂದು ಬ್ಯಾಂಕಿನ ಬಾಗಿಲಿಗೆ ನಿಲ್ಲಿಸಿದ. ಮನೆಯ ಕೌದಿಗಳನ್ನೆಲ್ಲ ಹೊತ್ತು ತಂದಿದ್ದ. ಒಂದೊಂದು ಬಾಟಲಿಯನ್ನೂ ಅದರಲ್ಲಿ ಸುತ್ತಿ ಅಡ್ಡ ಮಲಗಿಸಿದ. ಸುತ್ತ ಮಂದಿ ಕೂಡಿದರು. ಯಾರೋ ಪೇಪರಿನವನು ಕ್ಯಾಮೆರಾ ಎತ್ತಿ ಕೇಳಿಯೇ ಬಿಟ್ಟ:

“ಅಧ್ಯಕ್ಷರ, ಏನ್ ಸಾಗಸಾಕತ್ತೀರಿ?”

“ಇಡಗಂಟು,” ಎಂದ ರಾಜಶೇಖರ, ಕೌದಿಯ ಅಂಚು ಮಡಿಸುತ್ತ. “ಈ ಕಡೆ ಸರೀರಿ, ಇದರ ಮ್ಯಾಲ ನೆರಳ ಬೀಳ್ಲಿ.”

ಆ ದಿನ ನಾನೂ ಅಲ್ಲಿದ್ದೆ. ರಾಜಶೇಖರನೇ ಟೆಂಪೋ ಹೊಡೆದ, ಡ್ರೈವರನನ್ನು ಪಕ್ಕಕ್ಕೆ ಕೂರಿಸಿ. ನಾಗರತ್ನಾ ಹಿಂದೆ ಕೌದಿಗಳ ನಡುವೆ ಕೂತಿದ್ದರು, ಎರಡೂ ಬದಿಗೆ ಕೈಯೂರಿ. ಬಳೆ ಅಂಗಡಿ, ಬಾಳೆಹಣ್ಣಿನ ಗಾಡಿ, ಫ್ಲೈಓವರಿಗೆಂದು ಅಗೆದಿಟ್ಟ ರಸ್ತೆ. ಒಂದು ತಗ್ಗು ಬಂದರೆ ಸಾಕು, “ತಮ್ಮಾ, ಸಾವಕಾಶ!” ಎನ್ನುತ್ತಿದ್ದರು, “ಗೊತ್ತೈತಿ ಅಕ್ಕಾ, ಅಲಗಾಡಬಾರ್ದು!” ಎಂದು ಅವನು ಒದರುತ್ತಿದ್ದ. ಎತ್ತಿನ ಗಾಡಿಗಿಂತ ನಿಧಾನ. ಹಿಂದೆ ಸಾಲುಗಟ್ಟಿದ ಬೈಕು, ಆಟೋಗಳ ಹಾರ್ನು ಮುಗಿಲು ಮುಟ್ಟಿತ್ತು. ನಾನು ನಡೆದೇ ಟೆಂಪೋದ ಜೊತೆ ಜೊತೆಗೆ ಬರುತ್ತಿದ್ದೆ.

“ಎಲ್ಲಿಗಿ ಒಯ್ಯಾಕತ್ತೀರೀ ಅಕ್ಕಾರ?” ಕೂಗಿ ಕೇಳಿದೆ. “ಕಥಿ ಮುಗಸಬೇಕ್ರಿ!”

ಅವರು ನನ್ನತ್ತ ನೋಡಿದರು. ಟೆಂಪೋ ಚೌಕ ತಲುಪಿತು. ಅಲ್ಲಿಂದ ಒಂದು ದಾರಿ ತಾರಿಹಾಳದ ಕಡೆಗೆ, ಒಂದು ಧಾರವಾಡಕ್ಕೆ, ಇನ್ನೊಂದು ಯಾವುದೋ ಹಳ್ಳಿಗೆ. ಅವರು ಮುಂದೆ ಬಾಗಿ ತಮ್ಮನ ಕಿವಿಯಲ್ಲಿ ಏನೋ ಹೇಳಿದರು.

ಅಷ್ಟರಲ್ಲಿ ನಮ್ಮ ನಡುವೆ ಒಂದು ಸಿಟಿ ಬಸ್ಸು ಬಂದು ನಿಂತಿತು; ಟೆಂಪೋ ಯಾವ ದಾರಿ ಹಿಡಿಯಿತೋ ಕಾಣಲಿಲ್ಲ. ಅದು ಸರಿಯುವುದನ್ನೇ ನಾನು ಇನ್ನೂ ಕಾಯುತ್ತಿದ್ದೇನೆ.